ಹುಟ್ಟಿದ ದಿನ ಯಾರ ನೆನಪಿನಲ್ಲಿದೆ?

ಭಾನುವಾರದ ಬಲಿಪೂಜೆ ಮುಗಿಯುವ ಮುನ್ನ, ಆ ವಾರದಲ್ಲಿ ಹುಟ್ಟುಹಬ್ಬ ಆಚರಿಸುವವರನ್ನು ಪೀಠದ ಬಳಿಗೆ ಕರೆದು ಆಶೀರ್ವದಿಸುವ ರೂಢಿ ನಮ್ಮ ಅನೇಕ ದೇವಾಲಯಗಳಲ್ಲಿ ಬೆಳೆದು ಬಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯ ಕುಟುಂಬಗಳಿಗೂ ಇದು ಪರಿಚಿತವೇ. ಮಕ್ಕಳು ಓಡೋಡಿ ಬರುತ್ತಾರೆ. ಹರೆಯದವರು ಒಬ್ಬರನ್ನೊಬ್ಬರು ನೂಕುತ್ತ ಸಂಕೋಚದಿಂದ ಬರುತ್ತಾರೆ. ವಯಸ್ಸಾದವರು ಮಾತ್ರ ಬೆಂಚು ಬಿಟ್ಟು ಏಳುವುದಿಲ್ಲ. ವಿಚಾರಿಸಿದರೆ, "ನನ್ನದು ಯಾವತ್ತೋ ಫಾದರ್, ಶಾಲೆಯಲ್ಲಿ ಮಾಸ್ತರರು ಜೂನ್ 1 ಅಂತ ಬರೆದುಕೊಂಡಿದ್ದರು" ಎಂಬ ಉತ್ತರ ಬರುತ್ತದೆ. ಶಾಲೆಗೆ ಸೇರುವಾಗ ಮಾಸ್ತರರು ದಯಪಾಲಿಸಿದ ದಿನವನ್ನೇ ಜನ್ಮದಿನವಾಗಿ ಪಡೆದ ಒಂದು ತಲೆಮಾರು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿದೆ. ಆದರೆ ಅದೇ ಅಜ್ಜಿಯನ್ನು ಅವರ ಮೊಮ್ಮಗ ಹುಟ್ಟಿದ ದಿನದ ಬಗ್ಗೆ ಕೇಳಿ ನೋಡಬೇಕು! ಅಂದು ಎಷ್ಟು ಮಳೆ ಹೊಯ್ದಿತ್ತು, ಹಳ್ಳದ ಸಂಕ ಹೇಗೆ ಕೊಚ್ಚಿಹೋಗಿತ್ತು, ಕಂಬಳಿ ಹೊದೆಸಿ ಸೊಸೆಯನ್ನು ಯಾರ ಜೀಪಿನವರೆಗೆ ನಡೆಸಿಕೊಂಡು ಹೋದರು, ಮಗು ಅತ್ತಾಗ ಗಂಟೆ ಎಷ್ಟಾಗಿತ್ತು, ಎಲ್ಲವನ್ನೂ ಅವರು ಮೊನ್ನೆ ನಡೆದಂತೆ ಹೇಳಬಲ್ಲರು. ತನ್ನ ಹುಟ್ಟು ತನಗೆ ತಿಳಿಯದು. ಇತರರ ಹುಟ್ಟೆಲ್ಲ ತನ್ನ ನೆನಪಿನಲ್ಲಿದೆ.

ಇದು ಅಜ್ಜಿಯ ಮರೆವಲ್ಲ, ಮನುಷ್ಯಸ್ಥಿತಿಯೇ ಹೀಗೆ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಮೊದಲ ಪುಸ್ತಕದಲ್ಲೇ ಈ ವಿಷಯಕ್ಕೆ ಬಂದು ನಿಲ್ಲುತ್ತಾರೆ. ತಮ್ಮ ಶೈಶವ ತಮಗೆ ನೆನಪಿಲ್ಲವೆಂದೂ, ಇತರರು ಹೇಳಿದ್ದನ್ನು ಕೇಳಿ, ಬೇರೆ ಶಿಶುಗಳನ್ನು ಕಂಡು, ತಾವೂ ಹಾಗೆಯೇ ಇದ್ದಿರಬೇಕೆಂದು ನಂಬಿದ್ದೇವೆಂದೂ ಅವರು ಒಪ್ಪಿಕೊಳ್ಳುತ್ತಾರೆ. ನಮ್ಮ ದೇಶದ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ನನ್ನ ಹುಟ್ಟು ನನಗೆ ಪ್ರತ್ಯಕ್ಷ ಪ್ರಮಾಣದಿಂದ ತಿಳಿದದ್ದಲ್ಲ. ಅದು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯದಿಂದ ತಿಳಿದದ್ದು. ಆಪ್ತರು ಯಾರು? ನಂಬಬಹುದಾದವರು, ಅಂದು ಅಲ್ಲಿದ್ದವರು. ತಾಯಿ, ತಂದೆ, ಅಜ್ಜಿ, ಸೋದರತ್ತೆ, ಬಿಸಿನೀರು ಕಾಯಿಸಿದ ನೆರೆಮನೆಯವರು. ಹೀಗಿರುವಾಗ ಹುಟ್ಟುಹಬ್ಬವು ಹುಟ್ಟಿದವನಿಗಿಂತ ಹೆಚ್ಚಾಗಿ ಆ ಹುಟ್ಟಿಗೆ ಸಾಕ್ಷಿಗಳಾದವರಿಗೆ ಸೇರಿದ ಹಬ್ಬವೆಂದು ನನಗೆ ತೋರುತ್ತದೆ. ಸಾಕ್ಷಿಗಳನ್ನು ಹೊರಗಿಟ್ಟು ಮಾಡಿದ ಹುಟ್ಟುಹಬ್ಬದಲ್ಲಿ ಉಳಿಯುವುದು ಕೇಕು ಮತ್ತು ಬಲೂನು ಮಾತ್ರ.

ಇಂದು ಹಾಗೆಯೇ ಆಗುತ್ತಿದೆ. ಪೇಟೆಯ ಸಭಾಭವನದಲ್ಲಿ ಸಂಜೆ ಏಳು ಗಂಟೆಗೆಂದು ಕರೆದು, ಎಂಟೂವರೆಗೆ ಕೇಕು ಕತ್ತರಿಸುತ್ತಾರೆ. ಮಗುವಿನ ತಂದೆಯ ಕಚೇರಿಯವರು, ತಾಯಿಯ ಗೆಳತಿಯರು ಮುಂದಿನ ಸಾಲಿನಲ್ಲಿರುತ್ತಾರೆ. ಹಳ್ಳಿಯಿಂದ ಬಂದ ಅಜ್ಜ ಕೊನೆಯ ಬಸ್ಸಿನ ಚಿಂತೆಯಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಒಂದು ವರ್ಷದ ಮಗು ಆ ಗದ್ದಲಕ್ಕೆ, ಆ ಬೆಳಕಿಗೆ ಬೆದರಿ ಅಳುತ್ತದೆ. ಛಾಯಾಗ್ರಾಹಕ ಚಪ್ಪಾಳೆ ತಟ್ಟಿ ಅದನ್ನು ನಗಿಸಲು ಹೆಣಗುತ್ತಾನೆ. ಸಾಲ ಮಾಡಿ ಈ ಸಂಭ್ರಮ ನಡೆಸಿದ ಕುಟುಂಬಗಳನ್ನೂ ನಾನು ಬಲ್ಲೆ. ಮಗುವಿಗೆ ಇದಾವುದೂ ಬೇಕಿರಲಿಲ್ಲ. ಮಗುವಿಗೆ ಬೇಕಾಗಿದ್ದುದು ಹೊತ್ತಿಗೆ ಸರಿಯಾಗಿ ನಿದ್ದೆ.

ಧರ್ಮಸಭೆಗೆ ಆರಂಭದಲ್ಲಿ ಹುಟ್ಟುಹಬ್ಬದ ಮೇಲೆ ಅಷ್ಟೇನೂ ವಿಶ್ವಾಸವಿರಲಿಲ್ಲ. 3ನೆಯ ಶತಮಾನದ ಅಲೆಕ್ಸಾಂಡ್ರಿಯದ ಒರಿಜನ್ ಎಂಬ ಪಂಡಿತರು, ಪವಿತ್ರ ಗ್ರಂಥದಲ್ಲಿ ತಮ್ಮ ಜನ್ಮದಿನದ ಔತಣ ನಡೆಸಿದವರು ಫರೋಹ ಮತ್ತು ಹೆರೋದ ಇಬ್ಬರೇ, ಸಂತರಲ್ಲಿ ಒಬ್ಬರೂ ಇಲ್ಲ ಎಂದು ಎತ್ತಿ ತೋರಿಸಿದ್ದರು. ಮಾತು ನಿಜವೇ. ಫರೋಹನ ಹುಟ್ಟುಹಬ್ಬದಂದು ಅವನ ರೊಟ್ಟಿಗಾರನನ್ನು ನೇಣಿಗೇರಿಸಲಾಯಿತು. ಹೆರೋದನ ಹುಟ್ಟುಹಬ್ಬದಂದು ಸ್ನಾನಿಕ ಯೊವಾನ್ನರ ತಲೆ ಹರಿವಾಣದಲ್ಲಿ ಬಂತು. ಔತಣದ ಅಮಲಿನಲ್ಲಿ, ಅತಿಥಿಗಳ ಮುಂದೆ, ಹಿಂದುಮುಂದು ನೋಡದೆ ಕೊಟ್ಟ ಒಂದು ಮಾತಿನ ಫಲವದು. ನಾಮಕರಣ, ದೀಕ್ಷಾಸ್ನಾನ, ಮೊದಲ ಹುಟ್ಟುಹಬ್ಬಗಳ ಹೆಸರಿನಲ್ಲಿ ಮನೆಯ ಹಿತ್ತಲಲ್ಲಿ ಬಾಟಲಿಗಳ ಪೆಟ್ಟಿಗೆ ಬಿಚ್ಚುವ ನಮ್ಮ ಸಹೋದರರು ಈ ಪ್ರಸಂಗವನ್ನು ಒಮ್ಮೆ ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ಮಕ್ಕಳು ಕೇಕಿನ ರುಚಿಯನ್ನು ಮರೆಯುತ್ತಾರೆ. ದೊಡ್ಡಪ್ಪ ತೂರಾಡಿದ್ದನ್ನು ಮರೆಯುವುದಿಲ್ಲ.

ಸಂತರನ್ನು ಅವರು ಮರಣಿಸಿದ ದಿನದಂದು ಸ್ಮರಿಸುವುದು, ಆ ದಿನವನ್ನೇ ಅವರ ಸ್ವರ್ಗೀಯ ಜನನವೆಂದು ಕರೆಯುವುದು ಧರ್ಮಸಭೆಯ ಪದ್ಧತಿಯಾಯಿತು. ಆದರೂ ಮೂರು ಜನ್ಮದಿನಗಳು ನಮ್ಮ ಪಂಚಾಂಗದೊಳಗೆ ಬಂದು ಸೇರಿದವು. ಡಿಸೆಂಬರ್ 25ರಂದು ಯೇಸುಸ್ವಾಮಿಯ ಜನನ. ಇದು 354ರ ರೋಮ್ ಪಂಚಾಂಗದಲ್ಲೇ ದಾಖಲಾಗಿದೆ. ಜೂನ್ 24ರಂದು ಸ್ನಾನಿಕ ಯೊವಾನ್ನರ ಜನನ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನ. ಈ ಮೂರರಲ್ಲಿ ಯಾವುದೂ ಮಗುವೊಂದೇ ನಡುವೆ ಕುಳಿತ ಹಬ್ಬವಲ್ಲ. ಯೊವಾನ್ನರ ವಿಷಯವನ್ನೇ ನೋಡಿ. ಎಂಟನೆಯ ದಿನ ನೆರೆಹೊರೆಯವರೂ ಬಂಧುಬಳಗದವರೂ ಕೂಡಿ ಬಂದು, ತಾಯಿಯನ್ನು ಕೇಳದೆಯೇ, ಮಗುವಿಗೆ ತಂದೆಯ ಹೆಸರಾದ ಜಕರೀಯ ಎಂಬುದನ್ನೇ ಇಡಲು ಹೊರಟಿದ್ದರು. ಎಲಿಜಬೇತಮ್ಮ ಬೇಡವೆಂದರೆ, ನಿಮ್ಮ ಬಳಗದಲ್ಲಿ ಅಂಥ ಹೆಸರಿನವರು ಯಾರಿದ್ದಾರೆ ಎಂದು ತಕರಾರು ತೆಗೆದರು. ಕೊನೆಗೆ ಮಾತು ಬಾರದ ಜಕರೀಯರು ಹಲಗೆಯ ಮೇಲೆ ಬರೆದು ತೋರಿಸಬೇಕಾಯಿತು. ನೆಂಟರ ಕಿರಿಕಿರಿ ನಮ್ಮ ಕಾಲದ ಸೃಷ್ಟಿಯಲ್ಲವೆಂದು ತಿಳಿದು ನಮ್ಮ ಸೊಸೆಯಂದಿರಿಗೆ ಸ್ವಲ್ಪ ಸಮಾಧಾನವಾಗಬಹುದು. ಆದರೆ ಅದೇ ನೆಂಟರು ಎಲಿಜಬೇತಮ್ಮನವರ ಸಂತೋಷದಲ್ಲಿ ಸಂತೋಷಪಟ್ಟರೆಂದೂ ಸಂತ ಲೂಕರು ಬರೆದಿದ್ದಾರೆ.

ಸೆಪ್ಟೆಂಬರ್ 8ರ ಹಬ್ಬದ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಹುಟ್ಟುಹಬ್ಬವನ್ನು ಹೇಗೆ ಆಚರಿಸಬೇಕೆಂಬುದಕ್ಕೆ ಕರಾವಳಿಯಿಂದ ದೇವಿಮನೆ, ಅರಬೈಲ್ ಘಟ್ಟಗಳನ್ನು ಹತ್ತಿ ಬಂದ ನಮ್ಮ ಕೊಂಕಣಿ ಕುಟುಂಬಗಳಿಗೆ ಇದಕ್ಕಿಂತ ಉತ್ತಮ ಮಾದರಿ ಬೇರೆಲ್ಲೂ ಹುಡುಕಬೇಕಿಲ್ಲ. ಮೊಂತಿ ಹಬ್ಬವೆಂದೂ ತೆನೆ ಹಬ್ಬವೆಂದೂ ಕರೆಯುವ ಇದು ಒಂದು ಹೆಣ್ಣುಮಗುವಿನ ಜನ್ಮದಿನ. ಆ ಮಗುವಿನ ಜನನದ ವೃತ್ತಾಂತ ಪವಿತ್ರ ಗ್ರಂಥದಲ್ಲಿ ಎಲ್ಲೂ ಇಲ್ಲ. ಯೊವಕೀಮ ಮತ್ತು ಅನ್ನಮ್ಮ ಎಂಬ ಹೆಸರುಗಳು ಸಹ ಯಾಕೋಬನ ಪೂರ್ವಸುವಾರ್ತೆ ಎನ್ನಲಾಗುವ 2ನೆಯ ಶತಮಾನದ ಕೃತಿಯೊಂದರಿಂದ ನಮಗೆ ಬಂದಿವೆ. ಧರ್ಮಸಭೆ ಆ ಕೃತಿಯನ್ನು ಪವಿತ್ರ ಗ್ರಂಥದೊಳಗೆ ಸೇರಿಸಿಲ್ಲ. ಅದರಲ್ಲಿ ಒಂದು ಚಿತ್ರವಿದೆ: ಮಗಳಿಗೆ ಒಂದು ವರ್ಷ ತುಂಬಿದಾಗ ಯೊವಕೀಮರು ದೊಡ್ಡ ಔತಣ ಏರ್ಪಡಿಸಿ, ಯಾಜಕರನ್ನೂ ಹಿರಿಯರನ್ನೂ ಜನರೆಲ್ಲರನ್ನೂ ಕರೆದು, ಮಗುವನ್ನು ಆಶೀರ್ವಾದಕ್ಕಾಗಿ ಅವರ ಮುಂದೆ ತಂದರಂತೆ. ಮೊದಲ ಹುಟ್ಟುಹಬ್ಬದ ಆಸೆ ಎಷ್ಟು ಹಳೆಯದು ನೋಡಿ.

ಆ ದಿನದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಯಾವುದೆಂದು ನೆನಪಿದೆಯೇ? ಸಂತ ಮತ್ತಾಯರ ಮೊದಲ ಅಧ್ಯಾಯದ ವಂಶಾವಳಿ. ಅಬ್ರಹಾಮನಿಂದ ಹಿಡಿದು ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರುಗಳ ಹೆಸರುಗಳು. ಮಕ್ಕಳು ಆಕಳಿಸುತ್ತಾರೆ, ದೊಡ್ಡವರೂ ಆಕಳಿಸುತ್ತಾರೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಆದರೆ ಒಂದು ಮಗುವಿನ ಹುಟ್ಟುಹಬ್ಬಕ್ಕೆ ಧರ್ಮಸಭೆ ಆರಿಸಿಕೊಂಡ ಓದು ಆ ಮಗುವಿನ ಗುಣಗಾನವಲ್ಲ. ಅಜ್ಜಂದಿರ, ಮುತ್ತಜ್ಜಂದಿರ ಹೆಸರು. ಅವರೆಲ್ಲ ಸಜ್ಜನರೂ ಅಲ್ಲ. ಮಾವನನ್ನು ವೇಷ ಮರೆಸಿ ಸೇರಿದ ತಾಮಾರ್, ಪರದೇಶದ ರೂತ್, ಊರೀಯನ ಹೆಂಡತಿಯಾಗಿದ್ದವಳು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಯಾವ ಮನೆಯ ವಂಶಾವಳಿಯನ್ನು ಬಿಚ್ಚಿದರೂ ಹೀಗೆಯೇ ಕಾಣುತ್ತದೆ. ಇವರೆಲ್ಲರನ್ನು ಹೆಸರಿಟ್ಟು ಕರೆದ ಮೇಲೆಯೇ ಮಗುವಿನ ಹೆಸರು ಬರುತ್ತದೆ.

ಇನ್ನು ಮಕ್ಕಳ ಪಾತ್ರ. ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ನೊವೇನಾ. ಚಿಕ್ಕಮಕ್ಕಳು ಬುಟ್ಟಿಯಲ್ಲಿ, ತಟ್ಟೆಯಲ್ಲಿ ಹೂ ತಂದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಘಟ್ಟದ ಮೇಲೆ ಆಗ ಇನ್ನೂ ಮಳೆ. ಡೇರೆ, ಗೌರಿಹೂ, ದಾಸವಾಳ, ಬೇಲಿಯ ಮೇಲಿನ ಕಾಡುಹೂ, ಸಿಕ್ಕಿದ್ದೆಲ್ಲ ಬುಟ್ಟಿಗೆ ಬರುತ್ತದೆ, ಜೊತೆಗೆ ಒಂದೆರಡು ಇರುವೆ ಕೂಡ. ಹಬ್ಬದಂದು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ನಮ್ಮ ಗದ್ದೆಗಳಲ್ಲಿ ಅಷ್ಟು ಹೊತ್ತಿಗೆ ತೆನೆ ಕಟ್ಟದಿದ್ದರೆ ಘಟ್ಟದ ಕೆಳಗಿನ ನೆಂಟರು ತಂದುಕೊಟ್ಟದ್ದೂ ಉಂಟು. ಮನೆಯ ಹಿರಿಯರು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆಯ ನಂತರ ಎಲ್ಲರಿಗೂ ಹಂಚುತ್ತಾರೆ. ಮಧ್ಯಾಹ್ನ ಎಲೆಯ ಮೇಲೆ ಸಸ್ಯಾಹಾರದ ಊಟ. ದೂರದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳಿಸುವ ಪದ್ಧತಿ ಇತ್ತು. ಕೆಲವು ಮನೆಗಳಲ್ಲಿ ಈಗಲೂ ಇದೆ. ಹೂ ತಂದ ಮಕ್ಕಳ ಕೈಗೆ ಕಬ್ಬಿನ ತುಂಡು ಸಿಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈಗಿನ ಹುಟ್ಟುಹಬ್ಬದಲ್ಲಿ ಮಗು ಬರೀ ಪಡೆಯುತ್ತದೆ. ಬಣ್ಣದ ಕಾಗದ ಹರಿಯುತ್ತದೆ, ಒಂದನ್ನು ನೋಡಿ ಮುಗಿಸುವ ಮೊದಲೇ ಇನ್ನೊಂದಕ್ಕೆ ಕೈ ಚಾಚುತ್ತದೆ. ತೆನೆ ಹಬ್ಬದಲ್ಲಿ ಮಗುವಿಗೆ ಒಂದು ಕೆಲಸವಿದೆ. ಅದು ಒಯ್ಯದಿದ್ದರೆ ಹೂವಿಲ್ಲ. ಕ್ರಿಸ್ತಜಯಂತಿಯ ಕುಸ್ವಾರ್ ತಯಾರಿಯಲ್ಲೂ ಹೀಗೆಯೇ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಕಿಡಿಯೊ ಸುರುಳಿ ಮಾಡುವ ಕೆಲಸಕ್ಕೆ ಐದು ವರ್ಷದ ಬೆರಳುಗಳೇ ಯೋಗ್ಯ. ನಮ್ಮ ಕಡೆ ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ; ಹಿರಿಯರಿಗೆ ಪುರುಸೊತ್ತು ಕಡಿಮೆ. ಆದ್ದರಿಂದಲೇ ಮಕ್ಕಳ ಕೈ ಬೇಕು. ಸುರುಳಿ ಸೊಟ್ಟಗಾದರೂ ಅದು ಹುರಿದ ಮೇಲೆ ತಿನ್ನಲು ಚೆನ್ನಾಗಿಯೇ ಇರುತ್ತದೆ. ನೆರೆಯ ಮನೆಗಳಿಗೆ ತಟ್ಟೆ ಒಯ್ಯುವುದೂ ಮಕ್ಕಳೇ. ದೀಪಾವಳಿಯ ದೊಡ್ಡಹಬ್ಬದಲ್ಲಿ ಆ ಮನೆಗಳಿಂದ ನಮ್ಮ ಮನೆಗೆ ಬಂದ ತಟ್ಟೆ ಖಾಲಿಯಾಗಿ ಹಿಂದಿರುಗಬಾರದಲ್ಲವೇ!

ಇಷ್ಟು ಹೇಳಿ ನಿಲ್ಲಿಸಿದರೆ ಬಂಧುಬಳಗ ಕೂಡುವುದೆಲ್ಲ ಸುಖವೆಂದು ಬರೆದಂತಾದೀತು. ಹಾಗಿಲ್ಲ. ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಮಗುವಿನ ಹಬ್ಬವಿದೆ. ಇಸಾಕನು ಮೊಲೆಬಿಟ್ಟ ದಿನ ಅಬ್ರಹಾಮನು ದೊಡ್ಡ ಔತಣ ಮಾಡಿಸಿದ. ಅದೇ ಸಂದರ್ಭದಲ್ಲಿ ಹಾಗರಳ ಮಗ ನಗುತ್ತ ಆಡುತ್ತಿದ್ದುದು ಸಾರಾಳ ಕಣ್ಣಿಗೆ ಬಿತ್ತು. ಈ ದಾಸಿಯ ಮಗ ನನ್ನ ಮಗನೊಡನೆ ಬಾಧ್ಯಸ್ಥನಾಗಕೂಡದು ಎಂದು ಆಕೆ ಹಟ ಹಿಡಿದಳು. ಮರುಬೆಳಗ್ಗೆ ರೊಟ್ಟಿಯನ್ನೂ ನೀರಿನ ಚೀಲವನ್ನೂ ಹೊತ್ತು ತಾಯಿ ಮಗ ಮರುಭೂಮಿಗೆ ನಡೆದರು. ಇಬ್ಬರು ಹುಡುಗರ ನಡುವೆ ಜಗಳವಿತ್ತೆಂದು ಸ್ಪಷ್ಟವಾಗಿ ಎಲ್ಲೂ ಹೇಳಿಲ್ಲ; ಆಸ್ತಿಯ ಮಾತು ಮಾತ್ರ ಸ್ಪಷ್ಟವಾಗಿದೆ.

ನಮ್ಮ ಮೂರು ತಾಲೂಕುಗಳಲ್ಲಿ ಇದಕ್ಕೆ ಹಿಸೆ ಎಂಬ ಹೆಸರಿದೆ. ತೋಟಕ್ಕೆ ದಾರಿ ಯಾರದು, ಕೆರೆಯ ನೀರು ಯಾರಿಗೆಷ್ಟು, ಹಿರಿಯರು ನೆಟ್ಟ ಹಲಸಿನ ಮರ ಯಾವ ಬದಿಗೆ ಬರುತ್ತದೆ ಎಂಬಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತುಹೋಗುತ್ತದೆ. ದೊಡ್ಡವರು ತಮ್ಮ ತಮ್ಮ ಹಟವನ್ನು ನ್ಯಾಯಾಲಯಕ್ಕೆ ಒಯ್ಯಬಲ್ಲರು. ಮಕ್ಕಳು ಎಲ್ಲಿಗೆ ಒಯ್ಯಬೇಕು? ಕೂಗಳತೆಯ ದೂರದಲ್ಲಿ ಚಿಕ್ಕಪ್ಪನ ಮನೆ. ಅಲ್ಲಿ ತನ್ನದೇ ವಯಸ್ಸಿನ ತಂಗಿ. ಶಾಲೆಯಲ್ಲಿ ಒಂದೇ ಬೆಂಚು, ಮನೆಗೆ ಬಂದರೆ ಮಾತಿಲ್ಲ. ಇಂಥ ಮನೆಗಳಿಗೆ ಹೋದಾಗ ನಾನು ದಾವೆಯ ವಿಷಯ ಎತ್ತುವುದಿಲ್ಲ; ಅದಕ್ಕೆ ವಕೀಲರಿದ್ದಾರೆ. ಒಂದೇ ಮಾತು ಕೇಳುತ್ತೇನೆ: "ನಿಮ್ಮ ಮಗಳು ಹುಟ್ಟಿದ ರಾತ್ರಿ ಆಸ್ಪತ್ರೆಗೆ ಗಾಡಿ ತಂದವರು ಯಾರು?" ಅನೇಕ ವೇಳೆ ಉತ್ತರ ಬರುವುದಿಲ್ಲ. ಮೌನವೇ ಉತ್ತರ, ತಂದವನು ಅದೇ ತಮ್ಮ. ಹಾಗಿದ್ದರೆ ಆ ಮಗಳ ಹುಟ್ಟುಹಬ್ಬದ ಒಬ್ಬ ಸಾಕ್ಷಿ ಬೇಲಿಯ ಆಚೆ ಇದ್ದಾನೆ. ಕರೆದರೆ ಅವನು ಬಂದೇ ಬರುತ್ತಾನೆಂದು ನಾನು ಮಾತು ಕೊಡಲಾರೆ. ಒಂದು ಮನೆಯಲ್ಲಿ ಬಂದರು; ಇನ್ನೊಂದು ಮನೆಯಲ್ಲಿ ಆಮಂತ್ರಣದ ಚೀಟಿ ಹಾಗೆಯೇ ಹಿಂದಕ್ಕೆ ಬಂತು. ಆದರೂ ದೊಡ್ಡವರು ಬಾರದಿದ್ದರೂ ಮಕ್ಕಳನ್ನಾದರೂ ಕಳಿಸಿ ಎಂದು ಕೇಳುವ ಧೈರ್ಯವಿರಲಿ. ಇಸಾಕನೂ ಇಷ್ಮಾಯೇಲನೂ ಮತ್ತೆ ಒಟ್ಟಿಗೆ ನಿಂತದ್ದು ತಂದೆಯನ್ನು ಸಮಾಧಿ ಮಾಡುವ ದಿನ ಎಂದು ಆದಿಕಾಂಡದಲ್ಲಿ ಓದುತ್ತೇವೆ. ಅಷ್ಟು ದಿನ ಕಾಯಬೇಕೇ?

ಬಂಧುಬಳಗ ಮಗುವಿಗೆ ಏನು ಕೊಡುತ್ತದೆಂಬುದನ್ನು ಸಂತ ಲೂಕರ ಶುಭಸಂದೇಶದ ಒಂದು ಸಣ್ಣ ವಿವರದಲ್ಲಿ ಕಾಣಬಹುದು. ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿ ಹಿಂದಿರುಗುವಾಗ ಹನ್ನೆರಡು ವರ್ಷದ ಯೇಸು ಹಿಂದೆಯೇ ಉಳಿದುಬಿಟ್ಟರು. ತಾಯಿ ತಂದೆಗೆ ಅದು ತಿಳಿದದ್ದು ಒಂದು ದಿನದ ದಾರಿ ನಡೆದ ಮೇಲೆ. ಇದನ್ನು ಓದಿ ಅಜಾಗರೂಕತೆ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಮಗ ಬಳಗದವರ ಗುಂಪಿನಲ್ಲೇ ಎಲ್ಲೋ ಇದ್ದಾನೆ, ಯಾವುದೋ ಚಿಕ್ಕಮ್ಮ ಅವನಿಗೆ ಉಣ್ಣಲು ಕೊಟ್ಟಿರುತ್ತಾಳೆ ಎಂದು ಒಂದಿಡೀ ದಿನ ನಿಶ್ಚಿಂತರಾಗಿರುವಷ್ಟು ನಂಬಿಕೆ ಮರಿಯಮ್ಮ ಯೋಸೇಫರಿಗೆ ತಮ್ಮ ನೆಂಟರ ಮೇಲಿತ್ತು. ಅಂಥ ಬಳಗದ ನಡುವೆ ಬೆಳೆದ ಬಾಲಕ ಅವರು. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬವನ್ನು ಕುರಿತು ಬರೆದ ಪ್ರಬೋಧನಾ ಪತ್ರದಲ್ಲಿ ಗಂಡ, ಹೆಂಡತಿ, ಮಕ್ಕಳ ಚಿಕ್ಕ ಕುಟುಂಬವು ಚಿಕ್ಕಪ್ಪ ದೊಡ್ಡಪ್ಪ, ಅತ್ತೆ ಮಾವ, ನೆರೆಯವರ ದೊಡ್ಡ ಕುಟುಂಬದಿಂದ ಬೇರ್ಪಟ್ಟು ನಿಲ್ಲಬಾರದೆಂದರು. 2021ರಲ್ಲಿ ಅವರೇ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವೆಂದು ಗೊತ್ತುಪಡಿಸಿದರು. ಯೊವಕೀಮ ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ ಬರುವುದರಿಂದ ಆ ಆಯ್ಕೆ.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಬಾಂಧವರಿಂದ ಈ ವಿಷಯದಲ್ಲಿ ಕಲಿಯುವುದಿದೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಈ ಕಾಡುಗಳಲ್ಲಿ ನೆಲೆ ಕಂಡವರ ಸಂತತಿ ಅವರು. ಹುಟ್ಟಿದ ದಿನವಿರಲಿ, ಹುಟ್ಟಿದ ಊರನ್ನೂ ಕಿತ್ತುಕೊಂಡ ಇತಿಹಾಸವದು. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಆದರೂ ತಾವೆಲ್ಲ ಒಂದೇ ಜನವೆಂಬ ಭಾವ ಅಳಿದಿಲ್ಲ, ಗತಿಸಿದ ಹಿರಿಯರ ಸ್ಮರಣೆಯೂ ತಪ್ಪಿಲ್ಲ. ಆ ಕಡೆಯ ಮನೆಯೊಂದರಲ್ಲಿ ಮಗುವಿನ ಹಬ್ಬವೆಂದರೆ ಕೇರಿಯ ಮಕ್ಕಳೆಲ್ಲ ಊಟಕ್ಕೆ ಕುಳಿತದ್ದನ್ನು ಕಂಡಿದ್ದೇನೆ. ಯಾರ ಹುಟ್ಟುಹಬ್ಬವೆಂದು ಹೊರಗಿನವರಿಗೆ ಗುರುತಿಸಲು ಕಷ್ಟ.

ಕೊಲ್ಲಿ ದೇಶಗಳಲ್ಲಿ, ಮುಂಬಯಿ, ಬೆಂಗಳೂರುಗಳಲ್ಲಿ ದುಡಿಯುವವರ ಮಾತು ಬೇರೆ. ಎಲ್ಲ ಹಬ್ಬಕ್ಕೂ ಅವರು ಘಟ್ಟ ಹತ್ತಿ ಬರಲಾರರು. ಮೊಬೈಲಿನ ಪರದೆಯ ಮೇಲೆ ಅಜ್ಜಿ ಮೊಮ್ಮಗಳ ಮುಖ ನೋಡುತ್ತಾರೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಲ್ಲಿಯೂ ಕೇಕು ಕತ್ತರಿಸುವುದನ್ನು ತೋರಿಸಿ ಮುಗಿಸದೆ, "ಇವಳು ಹುಟ್ಟಿದ ದಿನದ ಕತೆ ಹೇಳಮ್ಮಾ" ಎಂದು ಅಜ್ಜಿಗೆ ಐದು ನಿಮಿಷ ಬಿಟ್ಟುಕೊಟ್ಟರೆ ಹೇಗೆ? ಮೂರು ವರ್ಷದ ಮಗು ಅರ್ಧದಲ್ಲೇ ಎದ್ದು ಓಡೀತು. ಓಡಲಿ. ನಾಲ್ಕನೆಯ ವರ್ಷ ಮುಕ್ಕಾಲು ಕೇಳುತ್ತದೆ. ಐದನೆಯ ವರ್ಷ ಅಜ್ಜಿ ಒಂದು ವಿವರ ಬಿಟ್ಟರೆ ತಾನೇ ನೆನಪಿಸುತ್ತದೆ. ಬಳಗ ಕೂಡಿದಾಗಲೂ ಚಿಕ್ಕವರ ವಿಷಯದಲ್ಲಿ ತುಸು ಕರುಣೆ ಇರಲಿ. ಊಟ ಅವರಿಗೆ ಮೊದಲು. ಎಲ್ಲ ಹಿರಿಯರಿಗೂ ಮುತ್ತು ಕೊಡು ಎಂಬ ಬಲವಂತ ಬೇಡ, ಕೈಜೋಡಿಸಿದರೆ ಸಾಕು. ಇವನ ಅಂಕ, ಅವಳ ಬಣ್ಣ ಎಂಬ ಹೋಲಿಕೆಯ ಮಾತು ಅತ್ತೆಯಂದಿರ ಬಾಯಿಂದ ಬಾರದಿರಲಿ. ಜ್ಞಾನ ತಂದೆ, ಜ್ಞಾನ ತಾಯಿಯರನ್ನು ದೀಕ್ಷಾಸ್ನಾನದ ಫೋಟೋದಲ್ಲಿ ಮಾತ್ರ ಉಳಿಸದೆ ಪ್ರತಿ ವರ್ಷವೂ ಕರೆಯಿರಿ. ಅವರೂ ಸಾಕ್ಷಿಗಳೇ. 1563ರಲ್ಲಿ ತ್ರೆಂತ್ ಮಹಾಸಭೆಯು ಅವರ ಹೆಸರನ್ನು ಗುರುಗಳು ಪುಸ್ತಕದಲ್ಲಿ ಬರೆದಿಡಬೇಕೆಂದು ಕಟ್ಟಳೆ ಮಾಡಿತು. ಈಗಿನ ಧರ್ಮಸಭಾ ಸಂಹಿತೆಯ ಪ್ರಕಾರ ಅದರ ಜೊತೆಗೆ ಹುಟ್ಟಿದ ದಿನ, ಸ್ಥಳಗಳನ್ನೂ ಬರೆಯಬೇಕು.

ಆ ಪುಸ್ತಕಗಳು ನಮ್ಮ ಕಪಾಟುಗಳಲ್ಲಿವೆ. ನಮ್ಮ ಸೀಮೆ ಗೋವಾದ ಆಡಳಿತದಿಂದ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯಕ್ಕೂ, 1976ರಲ್ಲಿ ಹೊಸದಾಗಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೂ ಸೇರಿತು. ದೀಕ್ಷಾಸ್ನಾನದ ದಾಖಲೆ ಮಾತ್ರ ಆಯಾ ದೇವಾಲಯದಲ್ಲೇ ಉಳಿಯುತ್ತದೆ. ಜೂನ್ 1ರಂದು ಹುಟ್ಟಿದವರೆಲ್ಲ ಒಮ್ಮೆ ತಮ್ಮ ಧರ್ಮಕೇಂದ್ರದ ಗುರುಗಳಲ್ಲಿ ವಿಚಾರಿಸಬಹುದು. ನಿಜವಾದ ದಿನ ಅಲ್ಲಿ ಸಿಕ್ಕರೂ ಸಿಗಬಹುದು. ಬರುವಾಗ ಮೊಮ್ಮಕ್ಕಳನ್ನು ಕರೆತನ್ನಿ. ಅಜ್ಜಿಯ ಹುಟ್ಟುಹಬ್ಬವನ್ನು ಹುಡುಕುವ ಕೆಲಸ ಅವರಿಗೆ ಇಷ್ಟವಾಗುತ್ತದೆ. ಹಳೆಯ ಹಾಳೆಗಳು ಮಳೆಗಾಲದ ಶೀತಕ್ಕೆ ಮೆತ್ತಗಾಗಿವೆ, ಆದ್ದರಿಂದ ಪುಟ ತಿರುಗಿಸುವುದನ್ನು ಗುರುಗಳಿಗೇ ಬಿಡಿ. ಮಕ್ಕಳ ಕೈಯಲ್ಲಿ ಮಿಠಾಯಿ ಇದ್ದರೆ ಅದು ಬಾಗಿಲ ಹೊರಗೇ ಮುಗಿಯಲಿ.